ನಿನ್ನ ಅವ್ವ ಕನ್ನಡದಲ್ಲೇ ಮಾತನಾಡಲಿ

ಬೀದರ್

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಾಲ್ಕು ವರ್ಷದ ಮಗ ಟೊರಾಂಟೊದ ಶಿಶುವಿಹಾರದಲ್ಲಿ ಬಾಯಿ ಬಿಡುತ್ತಿಲ್ಲವಂತೆ. ಮನೆಯಲ್ಲಿ ಇನ್ನು ಇಂಗ್ಲಿಷ್ ಮಾತ್ರ ಆಡಿ ಎಂದು ಯಾರೋ ಹೇಳಿದರಂತೆ, ನೀನು ತಲೆಯಾಡಿಸಿ ಬಂದೆಯಂತೆ. ಅಷ್ಟಕ್ಕೇ ನಿಲ್ಲಿಸದೆ, ಭಾಲ್ಕಿಯಿಂದ ಹೊರಡಲಿರುವ ನಿನ್ನ ಅವ್ವನಿಗೆ ಮೊಮ್ಮಗನೊಡನೆ ಆಡಲು ಬೇಕಾಗುವಷ್ಟು ಇಂಗ್ಲಿಷನ್ನು ನಾನು ಕಲಿಸಿಕೊಡಬೇಕಂತೆ! ಕಲಿಸುವುದಿಲ್ಲ. ಏಕೆಂದು ಹೇಳಲು ಈ ಪತ್ರ. ಇದೇ ಪ್ರಶ್ನೆಯನ್ನು ಇಲ್ಲಿ ಬೀದರಿನಲ್ಲಿದ್ದುಕೊಂಡೇ ಕೇಳುವವರು ಬಹಳ ಜನರಿದ್ದಾರೆ. ಆದ್ದರಿಂದ ನಿನ್ನ ಹೆಸರು ತೆಗೆದು ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ನಮ್ಮ ಮನೆಯ ಭಾಷೆಗಳ ಸಂತೆ ನಿನಗೆ ಗೊತ್ತೇ ಇದೆ. ಹೆಂಡತಿ ಇರಾನಿನ ರಷ್ತ್ ಪಟ್ಟಣದವಳು. ಮಕ್ಕಳು ಅವಳೊಂದಿಗೆ ಫಾರ್ಸಿ (ಪರ್ಷಿಯನ್), ನನ್ನೊಂದಿಗೂ ಆಯಿ, ಮುತ್ಯಾ ಅಂದರೆ ನನ್ನ ಅವ್ವ, ಅಪ್ಪನೊಂದಿಗೂ ಕನ್ನಡ, ಓಣಿಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಮಾತನಾಡುತ್ತಾರೆ. ಉದಗೀರಿನ ಅತ್ತಿಗೆ ಬಂದರೆ ಮರಾಠಿಯೂ ಹೊರಬರುತ್ತದೆ. ಇದರಲ್ಲಿ ನಮ್ಮ ಸಾಹಸ ಏನೂ ಇಲ್ಲ. ಬೀದರಿನ ಬಟ್ಟೆ ಅಂಗಡಿಯವನು ಕೂಡ ಒಂದೇ ಸೀರೆಯ ಬೆಲೆಯನ್ನು ಭಾಲ್ಕಿಯವಳಿಗೆ ಕನ್ನಡದಲ್ಲಿ, ಔರಾದಿನವಳಿಗೆ ಮರಾಠಿಯಲ್ಲಿ, ಜಹೀರಾಬಾದಿನವಳಿಗೆ ತೆಲುಗಿನಲ್ಲಿ ಹೇಳುತ್ತಾನೆ. ಅವನನ್ನು ಯಾರೂ ಬಹುಭಾಷಾ ಪಂಡಿತ ಎಂದು ಕರೆದಿಲ್ಲ. ಬೆಲೆಯನ್ನು ಮಾತ್ರ ಮೂರು ಭಾಷೆಯಲ್ಲೂ ಹೆಚ್ಚಾಗಿಯೇ ಹೇಳುತ್ತಾನೆ.

ಆದರೆ ಈ ಭಾಷೆಗಳ ಬಲ ಒಂದೇ ಸಮನಾಗಿಲ್ಲ. ಕನ್ನಡಕ್ಕೆ ಇಡೀ ಊರಿದೆ. ದಖನಿಗೆ ಓಣಿ ಇದೆ, ಕ್ರಿಕೆಟ್ ಇದೆ, ಜಗಳ ಇದೆ. ಫಾರ್ಸಿಗೆ ಇಲ್ಲಿರುವುದು ಒಬ್ಬಳೇ ಒಬ್ಬಳು, ಅವರ ತಾಯಿ. ಅವಳಿಗೆ ಕನ್ನಡ ಬರುತ್ತದೆ ಎಂಬುದು ಮಕ್ಕಳಿಗೆ ತಿಳಿದ ದಿನದಿಂದ ಮಗಳು ಫಾರ್ಸಿಯಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರಿಸತೊಡಗಿದಳು. ಐದು ವರ್ಷದ ಮಗುವಿನ ಲೆಕ್ಕಾಚಾರ ಸರಿಯಾಗಿಯೇ ಇದೆ. ಕಡಿಮೆ ಶ್ರಮದಲ್ಲಿ ಕೆಲಸ ಆಗುವಾಗ ಹೆಚ್ಚು ಶ್ರಮ ಏಕೆ? ನಮ್ಮ ಮನೆಯಲ್ಲಿ ಫಾರ್ಸಿಗೆ ಇರುವ ಸ್ಥಿತಿಯೇ ನಿನ್ನ ಮನೆಯಲ್ಲಿ ಕನ್ನಡಕ್ಕೂ.

ಹಾಗಿರುವಾಗ ಕಳೆದ ಚಳಿಗಾಲದಲ್ಲಿ ಅತ್ತೆ, ಮಾವ ರಷ್ತ್‌ನಿಂದ ಬಂದರು. ಹೈದರಾಬಾದಿನಲ್ಲಿ ಇಳಿದು ಕಾರಿನಲ್ಲಿ ಮನೆ ತಲುಪುವಷ್ಟರಲ್ಲಿ ಮಾವ ಕೇಳಿದ ಪ್ರಶ್ನೆ ಒಂದೇ: ಇಲ್ಲಿ ಮಳೆ ಯಾವಾಗ ಬರುತ್ತದೆ? ಅವರದು ಕ್ಯಾಸ್ಪಿಯನ್ ಸಮುದ್ರದ ಕಡೆಯ ಗೀಲಾನ್ ಪ್ರಾಂತ್ಯ. ಭತ್ತ, ಚಹಾ ಬೆಳೆಯುವ, ವರ್ಷವೆಲ್ಲ ಒದ್ದೆಯಾಗಿರುವ ನಾಡು. ಜೂನ್‌ವರೆಗೆ ಕಾಯಬೇಕು ಎಂದಾಗ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು.

ಮೊದಲ ಕೆಲವು ದಿನ ಮಗಳು ಅವರ ಹತ್ತಿರ ಸುಳಿಯಲಿಲ್ಲ. ಮೊಬೈಲಿನಲ್ಲಿ ದಿನವೂ ಕಾಣುತ್ತಿದ್ದ ಮುಖಗಳು ದೇಹ ಸಮೇತ ಸೋಫಾದ ಮೇಲೆ ಕುಳಿತಿದ್ದನ್ನು ಅವಳು ಬಾಗಿಲ ಮರೆಯಿಂದ ನೋಡುತ್ತಿದ್ದಳು. ನನ್ನ ಅವ್ವ 'ಮಾತನಾಡೇ, ಮಾತನಾಡೇ' ಎಂದು ಮುಂದೆ ತಳ್ಳಲು ಹೋದಾಗ ಅತ್ತೆಯೇ ತಡೆದರು. ಅವರು ಮಗುವನ್ನು ಕರೆಯಲೇ ಇಲ್ಲ. ಅಡುಗೆಮನೆಯಲ್ಲಿ ಬದನೆಕಾಯಿ ಸುಟ್ಟು ಸಿಪ್ಪೆ ತೆಗೆಯುತ್ತಾ, ತಮ್ಮಷ್ಟಕ್ಕೆ ಫಾರ್ಸಿಯಲ್ಲಿ ಚಾಕು ಎಲ್ಲಿದೆ, ಉಪ್ಪು ಎಲ್ಲಿದೆ ಎಂದು ಗೊಣಗುತ್ತಿದ್ದರು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿದ್ದವಳು ಆ ಹೊತ್ತಿಗೆ ಮನೆಯಲ್ಲಿ ಮಗಳೊಬ್ಬಳೇ. ತಂದುಕೊಟ್ಟಳು. ಮಾತು ಅಲ್ಲಿಂದ ಶುರುವಾಯಿತು.

ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋದೆವು. ಆ ದಿನ ನಮ್ಮ ಕಡೆ ಪೇಟೆಯಲ್ಲಿ ಯಾರೂ ಇರುವುದಿಲ್ಲ ಎಂಬುದನ್ನು ನಿನಗೆ ಹೇಳಬೇಕಿಲ್ಲ. ಎದೆಯೆತ್ತರದ ಬಿಳಿಜೋಳ, ಹಸಿ ಕಡಲೆ, ಸಜ್ಜೆ ರೊಟ್ಟಿ, ಗಡಿಗೆ ತುಂಬ ಅಂಬಲಿ, ಸಿಕ್ಕಿದ ಸೊಪ್ಪು, ಕಾಳು, ತರಕಾರಿ ಎಲ್ಲ ಬಿದ್ದ ಭಜ್ಜಿ. ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವಾಗ ಮಾವ ನನ್ನ ಅಪ್ಪನ ಹಿಂದೆಯೇ ಹೊಲದ ಸುತ್ತ ನಡೆದು, ಅರ್ಥವಾಗದ ಕೂಗನ್ನು ಅಪ್ಪನಿಗಿಂತ ಜೋರಾಗಿ ಕೂಗಿದರು. ಊಟಕ್ಕೆ ಕುಳಿತಾಗ ಅತ್ತೆ ಒಂದು ತುತ್ತು ಭಜ್ಜಿ ತಿಂದು, 'ಚೆನ್ನಾಗಿದೆ, ಆದರೆ ಬೆಳ್ಳುಳ್ಳಿ ಏನೇನೂ ಸಾಲದು' ಎಂದರು. ಗೀಲಾನಿನವರಿಗೆ ಬೆಳ್ಳುಳ್ಳಿ ಎಷ್ಟು ಹಾಕಿದರೂ ಕಡಿಮೆಯೇ. ಏನೆಂದರು ಎಂದು ನನ್ನ ಅವ್ವ ಮೊಮ್ಮಗಳನ್ನು ಕೇಳಿದಳು. ಮಗಳು ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿ, 'ಬಹಳ ಚೆನ್ನಾಗಿದೆಯಂತೆ, ಇನ್ನಷ್ಟು ಬೇಕಂತೆ' ಎಂದಳು. ಅವ್ವ ಸಂಭ್ರಮದಿಂದ ಮತ್ತೆರಡು ಸೌಟು ಬಡಿಸಿದಳು. ಎರಡೂ ಭಾಷೆ ತಿಳಿದ ನನ್ನ ಹೆಂಡತಿ ನಗು ತಡೆಯಲಾರದೆ ಎದ್ದು ಕಡಲೆಯ ಸಾಲಿಗೆ ಹೋದಳು. ಇಷ್ಟು ನಾಜೂಕಾಗಿ ಎರಡು ಭಾಷೆಗಳನ್ನು ನಿಭಾಯಿಸುವ ಮಗುವಿಗೆ ಭಾಷೆಗಳು ಭಾರವಾಗುತ್ತವೆ ಎಂದು ಹೇಳುವವರು ಬಂದು ನಮ್ಮ ಹೊಲದಲ್ಲಿ ಕುಳಿತು ನೋಡಲಿ.

ಮೂರು ವರ್ಷದ ಮಗನದು ಬೇರೆ ದಾರಿ. ಅವನು ಭಾಷಾಂತರಕ್ಕೆ ಹೋಗುವುದಿಲ್ಲ, ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಕಲಸುತ್ತಾನೆ. 'ಆಯಿ, ಆಬ್ ಕೊಡು' ಎನ್ನುತ್ತಾನೆ, ಆಯಿ ನೀರು ಕೊಡುತ್ತಾಳೆ. ಇದನ್ನು ಗೊಂದಲ ಎಂದು ಕರೆಯುವ ಪದ್ಧತಿ ಒಂದು ಕಾಲದಲ್ಲಿ ಇತ್ತು. ಭಾಷಾ ವಿಜ್ಞಾನಿಗಳು ಈಗ ಹಾಗೆ ಹೇಳುವುದಿಲ್ಲ. ಒಂದು ಭಾಷೆಯಲ್ಲಿ ಪದ ಕೈಗೆ ಸಿಗದಿದ್ದರೆ ಮಗು ಇನ್ನೊಂದರಿಂದ ಎತ್ತಿಕೊಳ್ಳುತ್ತದೆ, ಅಷ್ಟೇ. ನಾವು ಕನ್ನಡ ವಾಕ್ಯದಲ್ಲಿ 'ಜಮೀನು', 'ಅರ್ಜಿ', 'ದಫ್ತರ' ಎಂದು ಹೇಳುವುದೂ ಅದೇ ಜಾತಿಯ ಕೆಲಸ. (ಫಾರ್ಸಿ, ಕನ್ನಡ ಎರಡರಲ್ಲೂ ಇರುವ ಪದಗಳ ಪಟ್ಟಿ ಮಾಡಿ ಮೈಮರೆಯುವ ನಿನ್ನ ಹಳೆಯ ಚಟ ನನಗೆ ಗೊತ್ತು. ಅದಕ್ಕೆ ಇಲ್ಲಿ ಜಾಗ ಇಲ್ಲ.)

ಮಾವನನ್ನು ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನನ ಮದರಸಾಕ್ಕೆ ಕರೆದುಕೊಂಡು ಹೋದೆ. ಗಾವಾನ್ ಅದೇ ಗೀಲಾನಿನವನು, 1472ರಲ್ಲಿ ಕಟ್ಟಿಸಿದ್ದು. ಮಾವ ಉಳಿದ ಒಂದೇ ಮಿನಾರಿನ ನೀಲಿ ಹೆಂಚುಗಳನ್ನು ಬಹಳ ಹೊತ್ತು ನೋಡಿ, 'ನಮ್ಮವನನ್ನು ನೀವು ಏನು ಮಾಡಿದಿರಿ?' ಎಂದು ಕೇಳಿದರು. ದರಬಾರಿನ ವಿರೋಧಿಗಳು ಸುಳ್ಳು ಪತ್ರ ಸೃಷ್ಟಿಸಿ, ಸುಲ್ತಾನನಿಂದ 1481ರಲ್ಲಿ ತಲೆ ತೆಗೆಸಿದರು ಎಂದೆ. ಅಳಿಯನ ಊರಿನ ಬಗ್ಗೆ ಅವರಿಗಿದ್ದ ಗೌರವ ಆ ದಿನ ಸ್ವಲ್ಪ ಇಳಿಯಿತು.

ಅದನ್ನು ಮೇಲೆತ್ತಲು ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಕರೆದೊಯ್ದೆ. ದಾರಿಯಲ್ಲಿ ಸಿಗುವ ಎಂಟು ಮೂಲೆಯ ಚೌಖಂಡಿಯ ಕಥೆ ನೆನಪಿದೆಯೇ? ಬಹಮನಿ ಸುಲ್ತಾನ ಅಹಮದ್ ಷಾ ವಲಿ ಇರಾನಿನ ಕಿರ್ಮಾನ್ ಕಡೆಯ ಸೂಫಿ ಷಾ ನೇಮತುಲ್ಲಾರನ್ನು ಬೀದರಿಗೆ ಆಹ್ವಾನಿಸಿದ. ಮುದುಕರು ತಾವು ಬರಲಿಲ್ಲ, ಇದ್ದೊಬ್ಬ ಮಗನನ್ನೂ ಕಳುಹಿಸಲಿಲ್ಲ. ಮೊಮ್ಮಗ ನೂರುಲ್ಲಾನನ್ನು ಕಳುಹಿಸಿದರು. 1431ರಲ್ಲಿ ನೇಮತುಲ್ಲಾ ತೀರಿಕೊಂಡ ಮೇಲೆಯೇ ಮಗ ಖಲೀಲುಲ್ಲಾ ಇತ್ತ ಬಂದದ್ದು. ಚೌಖಂಡಿ ಅವನದೇ ಸಮಾಧಿ. ಅಜ್ಜನ ಮಾತನ್ನು ಮೊಮ್ಮಗ ಇಷ್ಟು ದೂರ ಹೊತ್ತು ತಂದ ಊರು ಇದು. ಈಗ ಮೊಮ್ಮಕ್ಕಳಿಗಾಗಿ ಅಜ್ಜನೇ ಬಂದಿದ್ದಾನೆ ಎಂದಾಗ ಮಾವನಿಗೆ ಖುಷಿಯಾಯಿತು. ಅಹಮದ್ ಷಾನ ಗೋರಿಯೊಳಗಿನ ಫಾರ್ಸಿ ಸಾಲುಗಳಲ್ಲಿ ಓದಲಾದಷ್ಟನ್ನು ಮೊಮ್ಮಗಳಿಗೆ ಓದಿ ಹೇಳಿದರು. ಅವಳಿಗೆ ಕಾವ್ಯಕ್ಕಿಂತ ಮೇಲೆ ಹಾರುತ್ತಿದ್ದ ಪಾರಿವಾಳಗಳೇ ಹೆಚ್ಚು ಇಷ್ಟವಾದವು.

ನನ್ನ ಅಪ್ಪನಿಗೂ ಮಾವನಿಗೂ ನಡುವೆ ಯಾವ ಭಾಷೆಯೂ ಇರಲಿಲ್ಲ. ಒಂದು ದಿನ ಅಪ್ಪ ಟ್ರಂಕಿನಿಂದ ನಿಜಾಮರ ಕಾಲದ ಹೊಲದ ಕಾಗದಗಳನ್ನು ತೆಗೆದ. ಹೈದರಾಬಾದ್ ಸಂಸ್ಥಾನದ ಆಡಳಿತ 1880ರ ದಶಕದವರೆಗೆ ಫಾರ್ಸಿಯಲ್ಲಿತ್ತು, ಆಮೇಲೆ ಉರ್ದುವಿಗೆ ಬಂತು. ಆ ಉರ್ದುವಿನಲ್ಲೂ ಕಂದಾಯದ ಪದಗಳೆಲ್ಲ ಫಾರ್ಸಿಯವೇ. ಅಪ್ಪ ತನ್ನ ತಂದೆಯಿಂದ ಕಲಿತ ಅರೆಬರೆ ಉರ್ದುವಿನಲ್ಲಿ ಓದುವುದು, ಮಾವ ಪದ ತಿದ್ದುವುದು. ಹೀಗೆ ಇಬ್ಬರೂ ನಮ್ಮ ಹೊಲದ ಎಲ್ಲೆಯನ್ನು ಕಾಗದದ ಮೇಲೆ ಸುತ್ತಿ ಬಂದರು. ಪಕ್ಕದ ಹೊಲದವನ ಬದುವಿನ ಬಗ್ಗೆ ಅಪ್ಪನಿಗಿದ್ದ ಅನುಮಾನ ಮಾತ್ರ ಇದರಿಂದ ಹೆಚ್ಚಾಯಿತು.

ಈಗ ನಿನಗೆ ಮುಖ್ಯವಾಗಿ ಹೇಳಬೇಕಾದ್ದು. ಅತ್ತೆ, ಮಾವ ತಮ್ಮತಮ್ಮಲ್ಲಿ ಮಾತನಾಡುವುದು ಫಾರ್ಸಿ ಅಲ್ಲ, ಗೀಲಕಿ. ಆ ಪ್ರಾಂತ್ಯದ ಸ್ವಂತ ಭಾಷೆ. ನನ್ನ ಹೆಂಡತಿಗೆ ಅದು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಏಕೆಂದು ಒಮ್ಮೆ ಅತ್ತೆಯನ್ನು ಕೇಳಿದೆ. ಶಾಲೆ ಫಾರ್ಸಿಯಲ್ಲಿ, ಮನೆಯಲ್ಲಿ ಗೀಲಕಿ ಆಡಿದರೆ ಉಚ್ಚಾರ ಕೆಡುತ್ತದೆ, ತರಗತಿಯಲ್ಲಿ ನಗುತ್ತಾರೆ, ಮಗು ಹಿಂದೆ ಬೀಳುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರಂತೆ. ಹಾಗಾಗಿ ಗಂಡ ಹೆಂಡತಿ ತಮ್ಮ ಜಗಳಕ್ಕೆ, ಗುಟ್ಟಿಗೆ ಮಾತ್ರ ಗೀಲಕಿ ಇಟ್ಟುಕೊಂಡು, ಮಕ್ಕಳ ಕಡೆ ತಿರುಗಿದಾಗಲೆಲ್ಲ ಫಾರ್ಸಿ ಆಡಿದರು. ಯಾರೂ ಅವರನ್ನು ದೇಶ ಬಿಡಿಸಿರಲಿಲ್ಲ. ಸ್ವಂತ ಊರಿನಲ್ಲಿ, ಸ್ವಂತ ಮನೆಯಲ್ಲಿ, ಮಗುವಿನ ಒಳ್ಳೆಯದಕ್ಕೆಂದೇ ಇದನ್ನು ಮಾಡಿದರು. ಟೊರಾಂಟೊದಲ್ಲಿ ನಿನಗೆ ಸಿಕ್ಕ ಸಲಹೆ ಇದಕ್ಕಿಂತ ಬೇರೆಯೇನು?

ಅತ್ತೆ ನಮ್ಮ ಓಣಿಯನ್ನು ದಿನವೂ ಸಂಜೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಮೂಲೆ ಮನೆಯ ಹುಡುಗ ಚೆಂಡಿಗಾಗಿ ದಖನಿಯಲ್ಲಿ ಬೈದು, ಮರುಕ್ಷಣವೇ ನನ್ನ ಅವ್ವನ ಬಳಿ ಕನ್ನಡದಲ್ಲಿ ಚಕ್ಕುಲಿ ಬೇಡುವುದನ್ನು ಕಂಡು, 'ಇವರಿಗೆ ಯಾರು ಕಲಿಸುತ್ತಾರೆ?' ಎಂದು ಕೇಳಿದ್ದರು. ಕೆಲವು ದಿನಗಳ ನಂತರ ಸಣ್ಣವನಿಗೆ ಅನ್ನ ತಿನ್ನಿಸುತ್ತಾ ಗೀಲಕಿಯಲ್ಲಿ ಮಾತನಾಡತೊಡಗಿದರು. ಅವನಿಗೆ ಏನೂ ಆಶ್ಚರ್ಯವಾಗಲಿಲ್ಲ. ಇನ್ನೊಂದು ಭಾಷೆ, ಅಷ್ಟೇ. ಆಶ್ಚರ್ಯವಾದದ್ದು ಅವನ ತಾಯಿಗೆ. 'ನನ್ನೊಡನೆ ಏಕೆ ಹೀಗೆ ಮಾತನಾಡಲಿಲ್ಲ?' ಎಂದು ಕೇಳಿಯೇ ಬಿಟ್ಟಳು. ಅತ್ತೆ ತಟ್ಟೆಯನ್ನು ಅವಳ ಕೈಗಿತ್ತು ಒಳಗೆ ಹೋದರು. ಅಳಿಯನಾದ ನನಗೆ ಆ ಹೊತ್ತಿಗೆ ಸರಿಯಾಗಿ ಪೇಟೆಯಲ್ಲಿ ಒಂದು ಕೆಲಸ ನೆನಪಾಯಿತು.

ನಿನ್ನ ಮಗನ ವಿಷಯಕ್ಕೆ ಬರುತ್ತೇನೆ. ಹೊಸ ಭಾಷೆಯ ನಡುವೆ ಹೋಗಿ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಸುಮ್ಮನಿರುವುದು ಸಾಮಾನ್ಯ. ಕೇಳಿಸಿಕೊಳ್ಳುತ್ತಿರುತ್ತದೆ. ಮನೆಯಲ್ಲಿ ಅವನು ಕನ್ನಡದಲ್ಲಿ ವಟಗುಟ್ಟುತ್ತಾನೆ ಎಂದು ನೀನೇ ಬರೆದಿದ್ದೀಯೆ. ಅದೇ ದೊಡ್ಡ ಸಮಾಧಾನ. ಕನ್ನಡದಲ್ಲೂ ಮಾತು ಹಿಂದುಳಿದಿದ್ದರೆ ಕಿವಿ ಪರೀಕ್ಷೆ ಮಾಡಿಸು, ವಾಕ್ ತಜ್ಞರಿಗೆ ತೋರಿಸು. ತೋರಿಸುವಾಗ ಎರಡೂ ಭಾಷೆಯ ಪದಗಳನ್ನು ಕೂಡಿಸಿ ಲೆಕ್ಕ ಹಾಕಲು ಹೇಳು. ಎರಡು ಭಾಷೆ ಕೇಳುವುದರಿಂದ ಮಾತು ನಿಧಾನವಾಗುವುದಿಲ್ಲ. ತೊಂದರೆ ನಿಜವಾಗಿ ಇದ್ದರೂ ಕನ್ನಡ ಬಿಡಿಸಿದರೆ ಅದು ಹೋಗುವುದಿಲ್ಲ.

ವಿಡಿಯೊ ಕರೆ ಇದೆಯಲ್ಲ ಎಂದೂ ಬರೆದಿದ್ದೀಯೆ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಒಂಬತ್ತು ತಿಂಗಳ ಕೂಸುಗಳ ಎದುರು ಚೀನೀ ಭಾಷಿಕರು ಕುಳಿತು ಆಟವಾಡಿಸಿ ಮಾತನಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಹಿಡಿದವು. ಅದನ್ನೇ ಮೊದಲೇ ಚಿತ್ರೀಕರಿಸಿ ಪರದೆಯಲ್ಲಿ ತೋರಿಸಿದಾಗ ಹಿಡಿಯಲಿಲ್ಲ. ಎರಡು ವರ್ಷ ದಾಟಿದ ಮಕ್ಕಳು, ಎದುರಿನವರು ತಮಗೇ ಉತ್ತರ ಕೊಡುವ ನೇರ ಕರೆಯಿಂದ ಹೊಸ ಪದ ಕಲಿಯುತ್ತಾರೆ ಎಂದು 2014ರ ಇನ್ನೊಂದು ಅಧ್ಯಯನ ತೋರಿಸಿದೆ. ಹಾಗಾಗಿ ಕರೆ ಬಿಡಬೇಡ. ಆದರೆ ಭಾಲ್ಕಿಯಲ್ಲಿ ಬೆಳಗಿನ ಆರು ಗಂಟೆ, ಟೊರಾಂಟೊದ ಚಳಿಗಾಲದಲ್ಲಿ ಹಿಂದಿನ ರಾತ್ರಿ ಏಳೂವರೆ. ಒಬ್ಬರಿಗೆ ಇನ್ನೂ ಚಹಾ ಆಗಿಲ್ಲ, ಇನ್ನೊಬ್ಬನಿಗೆ ಕಣ್ಣು ಎಳೆಯುತ್ತಿದೆ. ಆ ಹೊತ್ತಿನಲ್ಲಿ 'ಊಟ ಆಯಿತೇ' ಎಂಬುದರಾಚೆ ಯಾವ ಮಾತು ಹುಟ್ಟುತ್ತದೆ?

ನಿನ್ನ ಅವ್ವ ಬಂದಾಗ ನೀನು ನಡುವೆ ನಿಲ್ಲಬೇಡ. ನೀನು ಕೋಣೆಯಲ್ಲಿದ್ದರೆ ಮಗ ನಿನ್ನನ್ನೇ ಕೇಳಿ ಕೆಲಸ ಮುಗಿಸಿಕೊಳ್ಳುತ್ತಾನೆ. ಹೊರಗೆ ಹೋಗು, ಹಿಮ ತೆಗೆ, ಏನಾದರೂ ಮಾಡು. ಅವ್ವ ಪಾಠ ಹೇಳುವುದು ಬೇಡ, ಅಕ್ಷರಮಾಲೆಯ ಪುಸ್ತಕ ತರುವುದೂ ಬೇಡ. ರೊಟ್ಟಿ ಬಡಿಯುವಾಗ ಅವನ ಕೈಗೂ ಒಂದು ಹಿಟ್ಟಿನ ಉಂಡೆ ಕೊಡಲಿ ಸಾಕು. ಅವರು ಭಾಲ್ಕಿಗೆ ತಿರುಗಿ ಬಂದ ಮೇಲೆ ಕನ್ನಡ ಸ್ವಲ್ಪ ಜಾರುತ್ತದೆ, ಅದಕ್ಕೂ ಸಿದ್ಧನಿರು. ನಮ್ಮಲ್ಲಿಯೂ ಮಗಳು ಮತ್ತೆ ಕನ್ನಡದಲ್ಲೇ ಉತ್ತರಿಸುತ್ತಿದ್ದಾಳೆ. ತಮ್ಮನನ್ನು ಬೈಯುವುದು ಮಾತ್ರ ಈಗ ಪೂರ್ತಿ ಫಾರ್ಸಿಯಲ್ಲಿ, ಅತ್ತೆಯದೇ ಧಾಟಿಯಲ್ಲಿ.

ಮೊನ್ನೆ ಭಾಲ್ಕಿಗೆ ಹೋದಾಗ ನಿನ್ನ ಅವ್ವನನ್ನು ಕಂಡೆ. ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಸಿಯಾಗಿದೆ. 'ಇಂಗ್ಲಿಷ್ ಕಲಿಸುತ್ತೀಯಂತಲ್ಲ' ಎಂದರು. ಮಗ ತಮಾಷೆ ಮಾಡಿದ್ದಾನೆ, ನೀವು ಮನೆಯಲ್ಲಿ ಹೇಗೆ ಮಾತನಾಡುತ್ತೀರೋ ಅಲ್ಲಿಯೂ ಹಾಗೆಯೇ ಮಾತನಾಡಿ ಎಂದು ಹೇಳಿ ಬಂದಿದ್ದೇನೆ. ನೀನು ಫೋನಿನಲ್ಲಿ ಬೇರೆ ಹೇಳಬೇಡ. ಅವರಿಗೆ ಮಂಡಿ ನೋವು ಜಾಸ್ತಿಯಾಗಿದೆ, ವಿಮಾನ ಬದಲಿಸುವ ಕಡೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಬರೆಸು. ದಿನಾಂಕ ಗೊತ್ತಾದ ಕೂಡಲೇ ತಿಳಿಸು, ಹೈದರಾಬಾದಿನವರೆಗೆ ನಾನೇ ಕಾರಿನಲ್ಲಿ ಬಿಟ್ಟು ಬರುತ್ತೇನೆ.

ನಿನ್ನ,
ಬೀದರಿನ ಗೆಳೆಯ