ಜನರೇಟರ್ ಕೊಟ್ಟಿಗೆಯಲ್ಲಿ ಬೇಡ, ಅಪ್ಪ

ಪೋಂಡಾ, ಗೋವಾ
ಜೂನ್ 8

ತೀರ್ಥರೂಪ ಅಪ್ಪನವರಿಗೆ ಮಗನ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಆಯಿಯ ಶುಗರ್ ಈ ಸಲ ಹತೋಟಿಗೆ ಬಂದಿದೆ ಎಂದು ತಂಗಿ ಹೇಳಿದಳು, ಸಮಾಧಾನವಾಯಿತು. ಹೊಸ ಜನರೇಟರ್ ಮನೆಗೆ ಬಂದ ಫೋಟೋವನ್ನು ತಮ್ಮ ಕಳಿಸಿದ್ದ. ಕೊಟ್ಟಿಗೆಯ ಮೂಲೆಯಲ್ಲಿ, ಹುಲ್ಲಿನ ಅಟ್ಟದ ಕೆಳಗೆ ಇಟ್ಟಿದ್ದೀರಿ. ಅದನ್ನು ನೋಡಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಳೆ ಹಿಡಿದು ಕರೆಂಟ್ ಹೋದರೆ ನಮ್ಮೂರಲ್ಲಿ ಟವರಿನ ಬ್ಯಾಟರಿಯೂ ಮುಗಿದು ಫೋನೂ ಹೋಗುತ್ತದೆ, ಈ ಮಾತುಗಳು ಬೇಕಾಗುವುದು ಆವಾಗಲೇ. ಅದಕ್ಕೇ ಕಾಗದ ಬರೆದೆ. ಓದಿ ಆದಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜನರೇಟರಿನ ಹತ್ತಿರವೇ ತೂಗುಹಾಕಿ.

ಮೊದಲು ಜಾಗದ ವಿಷಯ. ಕೊಟ್ಟಿಗೆಯಿಂದ ಅದನ್ನು ಇವತ್ತೇ ಹೊರಗೆ ತೆಗೆಸಿ. ಪೆಟ್ರೋಲ್ ಉರಿದಾಗ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಿನ ಜೊತೆ ಒಳಗೆ ಹೋಗಿ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಹಿಡಿದುಕೊಳ್ಳುತ್ತದೆ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಆಮೇಲೆ ನಿದ್ದೆ ಬಂದ ಹಾಗೆ ಆಗುವುದು. ಮಲಗಿದ್ದವರಿಗಂತೂ ಏನಾಗುತ್ತಿದೆ ಎಂದು ಗೊತ್ತೇ ಆಗುವುದಿಲ್ಲ. ಆಯಿ ಮಲಗುವ ಕೋಣೆಗೂ ಕೊಟ್ಟಿಗೆಗೂ ನಡುವೆ ಇರುವುದು ಒಂದೇ ಗೋಡೆ, ಮೇಲೆ ಮಾಡಿನ ಸಂದು ತೆರೆದೇ ಇದೆ. ಕಿಟಕಿ ತೆಗೆದಿಟ್ಟರೆ ಸಾಕು ಎಂದುಕೊಳ್ಳಬೇಡಿ, ಸಾಲದು. ಜಗಲಿಯೂ ಬೇಡ. ದನಗಳಿಗೂ ಅದೇ ವಿಷ, ಹುಲ್ಲಿನ ಪಕ್ಕ ಕಾದ ಸೈಲೆನ್ಸರ್ ಇಡುವುದು ಬೆಂಕಿಯ ಭಯ ಬೇರೆ.

ಅಂಗಳದ ಆಚೆ, ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಡಿ. ಮನೆಯ ಬಾಗಿಲು ಕಿಟಕಿಗಳಿಂದ ಇಪ್ಪತ್ತು ಅಡಿಗೆ ಕಡಿಮೆ ಆಗಬಾರದು, ಹೊಗೆಯ ಬಾಯಿ ತೋಟದ ಕಡೆ ಇರಲಿ. ಮಳೆಗೆ ನಾಲ್ಕು ಕಂಬ ಹುಗಿದು ಮೇಲೆ ತಗಡು ಹೊದಿಸಿದರೆ ಸಾಕು, ಸುತ್ತ ತಟ್ಟಿ ಕಟ್ಟಬೇಡಿ. ಎರಚಲು ಬರುತ್ತದೆ ಎಂದು ಆಯಿ ಹೇಳಿಯೇ ಹೇಳುತ್ತಾಳೆ. ಗಾಳಿ ಬರುವ ಕಡೆ ತಗಡನ್ನು ಸ್ವಲ್ಪ ಮುಂದೆ ಚಾಚಿ ಇಳಿಜಾರಾಗಿ ಬಿಡಿ, ಮುಚ್ಚುವುದು ಮಾತ್ರ ಬೇಡ. ಈ ಎಂಜಿನ್ನಿಗೆ ನೀರು ಸುತ್ತಿಸುವ ರೇಡಿಯೇಟರ್ ಇಲ್ಲ, ಹೊರಗಿನ ಗಾಳಿಯೇ ಅದನ್ನು ತಣ್ಣಗಿಡಬೇಕು. ಕೆಳಗೆ ಕಲ್ಲು ಚಪ್ಪಡಿ ಹಾಕಿ ಎತ್ತರ ಮಾಡಿ, ಮಟ್ಟ ನೋಡಿಯೇ ಕೂರಿಸಿ. ಮಟ್ಟ ಯಾಕೆ ಎಂದು ಮುಂದೆ ಬರೆಯುತ್ತೇನೆ.

ಇನ್ನು ಎಂಜಿನ್ ಎಣ್ಣೆಯ ವಿಷಯ, ಅದು ನಾನು ಕಣ್ಣಾರೆ ಕಂಡದ್ದು. 2021ರ ಮೇ 16ರಂದು ತೌಕ್ತೆ ಚಂಡಮಾರುತ ಗೋವಾ ಕರಾವಳಿಗೆ ತಾಗಿಕೊಂಡೇ ಹಾದುಹೋಯಿತಲ್ಲ, ಆಗ ಇಲ್ಲಿನ ಕೇರಿಗಳಲ್ಲಿ ತೆಂಗು, ಹಲಸು, ಮಾವು ಎಲ್ಲ ತಂತಿಯ ಮೇಲೇ ಬಿದ್ದವು. ಗೋವಾಕ್ಕೆ ಕರೆಂಟ್ ಬರುವುದು ಹೆಚ್ಚುಕಡಿಮೆ ಹೊರಗಿನಿಂದಲೇ, ನಮ್ಮ ಜಿಲ್ಲೆಯ ಅಂಬೇವಾಡಿಯಿಂದ ಪೋಂಡಾಕ್ಕೂ ಒಂದು 220 ಕಿಲೋವೋಲ್ಟಿನ ದೊಡ್ಡ ಲೈನ್ ಇದೆ. ದೊಡ್ಡ ಲೈನು ಸರಿಯಾದರೂ ಮನೆಮನೆಗೆ ಹೋಗುವ ಸಣ್ಣ ಕಂಬಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಬೇಕು, ತಡವಾಗುವುದು ಅಲ್ಲೇ. ನಮ್ಮ ಮಲೆನಾಡಿನ ಕಥೆಯೂ ಅದೇ. 'ಲೈಟ್ ಗೆಲಿ', ಕರೆಂಟ್ ಹೋಯಿತು ಎಂದು ಮನೆ ಮಾಲೀಕರು ಕೊಂಕಣಿಯಲ್ಲಿ ಅವತ್ತು ಕೂಗಿದ್ದು, ಆಮೇಲೆ ಕೆಲವು ಕಡೆ ದಿನಗಟ್ಟಲೆ ಬರಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರ ಮನೆಯಲ್ಲಿ ನಿಮ್ಮದರಷ್ಟೇ ದೊಡ್ಡ ಜನರೇಟರ್ ಇತ್ತು. ಫ್ರಿಜ್ಜಿನಲ್ಲಿ ಮೀನು ತುಂಬಿತ್ತು, ಹಾಗಾಗಿ ಹಗಲೂ ರಾತ್ರಿ ಓಡಿಸಿದರು. ಮನೆಯವರೆಲ್ಲ ಸರದಿಯ ಮೇಲೆ ಪೆಟ್ರೋಲ್ ತುಂಬಿಸಿದರು, ಎಂಜಿನ್ ಆಯಿಲ್ ನೋಡಿದವರು ಒಬ್ಬರೂ ಇಲ್ಲ. ಒಂದು ಸಂಜೆ ಸದ್ದು ಬದಲಾಯಿತು, ಒಳಗೆ ಕಲ್ಲು ಸಿಕ್ಕಿಕೊಂಡ ಹಾಗೆ ಒಂದು ಕಟಕಟ, ಅಲ್ಲಿಗೆ ನಿಂತಿತು. ನನ್ನನ್ನು ಕರೆದರು. ಹಗ್ಗ ಎಳೆದರೆ ಒಂದಿಂಚೂ ಬರಲಿಲ್ಲ. ಆಯಿಲ್ ಕಡ್ಡಿ ತೆಗೆದು ನೋಡಿದರೆ ತುದಿಯಲ್ಲಿ ಕಾಡಿಗೆಯಂಥ ಒಂದು ಕಪ್ಪು ಅಂಟು ಬಿಟ್ಟರೆ ಏನೂ ಇರಲಿಲ್ಲ. ಪಿಸ್ಟನ್ ಸಿಲಿಂಡರಿಗೆ ಹಿಡಿದುಹೋಗಿತ್ತು. ಸೆಟ್ಟಿನ ತಪ್ಪೇನಿಲ್ಲ. ಇಂಥ ಸಣ್ಣ ಎಂಜಿನ್ನಿನಲ್ಲಿ ಹಿಡಿಯುವುದೇ ಅರ್ಧ ಲೀಟರಿನ ಆಚೀಚೆ ಎಣ್ಣೆ. ಓಡಿದಷ್ಟೂ ಸ್ವಲ್ಪ ಸ್ವಲ್ಪ ಉರಿದುಹೋಗುತ್ತದೆ. ದಿನಕ್ಕೊಂದು ಗಂಟೆ ಓಡಿಸುವವರಿಗೆ ಇದು ಕಾಣುವುದಿಲ್ಲ, ದಿನಗಟ್ಟಲೆ ಓಡಿಸಿದಾಗ ತಿಂಗಳುಗಳಲ್ಲಿ ಆಗಬೇಕಾದ ಸವೆತ ಒಂದು ವಾರದಲ್ಲಿ ಆಗುತ್ತದೆ.

ಆದ್ದರಿಂದ ಪ್ರತಿ ಸಲ ಪೆಟ್ರೋಲ್ ಹಾಕುವ ಮುಂಚೆ ಆಯಿಲ್ ನೋಡುವುದು ಎಂದು ಕಟ್ಟಳೆ ಮಾಡಿಕೊಳ್ಳಿ. ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಡ್ಡಿ ತೆಗೆದು ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ನೋಡಬೇಕು. ಮಟ್ಟ ಇಲ್ಲದ ಜಾಗದಲ್ಲಿ ಈ ಕಡ್ಡಿ ಸುಳ್ಳು ಹೇಳುತ್ತದೆ, ಎಣ್ಣೆ ಕಡಿಮೆಯಾದರೆ ತಾನೇ ನಿಲ್ಲಿಸುವ ಸೆನ್ಸರ್ ಇದ್ದರೆ ಅದೂ ಮೋಸ ಹೋಗುತ್ತದೆ. ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ. ಜೇನಿನ ಬಣ್ಣ ಇದ್ದರೆ ಚೆನ್ನ. ಕಪ್ಪಾಗಿ ತೆಳ್ಳಗೆ ನೀರಾಗಿದ್ದರೆ ಬದಲಿಸುವ ಹೊತ್ತು ಬಂತು. ಹಾಲು ಬೆರೆಸಿದ ಹಾಗೆ ಕಂಡರೆ ಒಳಗೆ ನೀರು ಹೋಗಿದೆ, ಓಡಿಸಲೇಬೇಡಿ. ಹೊಸ ಎಂಜಿನ್ನಿನ ಮೊದಲ ಎಣ್ಣೆಯನ್ನು ಸಾಮಾನ್ಯವಾಗಿ ಇಪ್ಪತ್ತು ಗಂಟೆಗೇ ತೆಗೆಯಬೇಕು. ಹೊಸ ಲೋಹ ಉಜ್ಜಿ ಬಂದ ಪುಡಿ ಅದರಲ್ಲಿ ಇರುತ್ತದೆ. ಆಮೇಲೆ ಎಷ್ಟು ಗಂಟೆಗೊಮ್ಮೆ, ಯಾವ ಗ್ರೇಡಿನದು ಎಂಬುದು ಜೊತೆಗೆ ಬಂದ ಪುಸ್ತಕದಲ್ಲಿದೆ, ತಮ್ಮ ಓದಿ ಹೇಳಲಿ. ಬೈಕಿಗೆ ಉಳಿದದ್ದು ಇದೆ ಎಂದು ಯಾವುದೋ ಆಯಿಲ್ ಸುರಿಯುವುದು ಬೇಡ. ಎರಡು ಬಾಟಲಿ ಮೊದಲೇ ತಂದಿಡಿ, ಗಾಳಿಮಳೆಯಲ್ಲಿ ದಾರಿಗೆ ಮರ ಬಿದ್ದ ಮೇಲೆ ಸಿರ್ಸಿಗೆ ಹೋಗುವವರು ಯಾರು?

ಓಡಿಸಿದ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕುಂಡೈಯ ನಮ್ಮ ಕಾರ್ಖಾನೆಯಲ್ಲಿ ಡೀಸೆಲಿನ ದೊಡ್ಡ ಜನರೇಟರಿಗೂ ಇದೇ ಪದ್ಧತಿ: ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ಎಣ್ಣೆ ನೋಡಿದವರ ಸಹಿ. ನಮ್ಮ ಶಿಫ್ಟಿನ ವಿಜಯಪುರದ ಹುಡುಗ 'ಕರೆಂಟ್ ಹೋತ್ರೀ' ಎನ್ನುತ್ತಲೇ ಮೊದಲು ಕೈಹಾಕುವುದು ಆ ಪುಸ್ತಕಕ್ಕೆ, ಆಮೇಲೆ ಸ್ವಿಚ್ಚಿಗೆ.

ಇನ್ನು ಆಯಿಯ ಇನ್ಸುಲಿನ್. ಅದಕ್ಕಾಗಿಯೇ ಈ ಖರ್ಚು ಮಾಡಿದ್ದೀರಿ ಎಂದು ನನಗೆ ಗೊತ್ತು, ರಾತ್ರಿಯಿಡೀ ಓಡಿಸುವ ಯೋಚನೆ ಇರುವುದೂ ಅದಕ್ಕೇ. ಅಷ್ಟು ಬೇಕಾಗಿಲ್ಲ ಅಪ್ಪ. ಈಗ ಚುಚ್ಚಿಕೊಳ್ಳುತ್ತಿರುವ ಬಾಟಲಿ ಫ್ರಿಜ್ಜಿನ ಹೊರಗೆ, ತಂಪಾದ ನೆರಳಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ಮಳೆಗಾಲದ ನಮ್ಮ ಒಳಕೋಣೆಯ ತಂಪು ಅದಕ್ಕೆ ಸಾಕು. ಆಯಿಯ ಔಷಧಿಗೆ ಎಷ್ಟು ದಿನ ಎಂದು ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಇನ್ನೂ ತೆರೆಯದ ಬಾಟಲಿಗಳಿಗೆ ಫ್ರಿಜ್ ಬೇಕು. ಬಾಗಿಲು ತೆಗೆಯದೆ ಇಟ್ಟರೆ ಕರೆಂಟ್ ಇಲ್ಲದೆಯೂ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಕರೆಂಟ್ ಇರುವಾಗಲೇ ಮೇಲಿನ ಫ್ರೀಜರಿನಲ್ಲಿ ನಾಲ್ಕೈದು ಬಾಟಲಿ ನೀರು ಗಟ್ಟಿ ಮಾಡಿಡಿ, ಕರೆಂಟ್ ಹೋದ ಕೂಡಲೇ ಅವನ್ನು ಕೆಳಗಿನ ಅಂಕಣಕ್ಕೆ ಇಳಿಸಿದರೆ ಇನ್ನೂ ಹೆಚ್ಚು ಹೊತ್ತು. ಇನ್ಸುಲಿನ್ ಮಾತ್ರ ಐಸಿಗೆ ತಾಗಬಾರದು. ಒಮ್ಮೆ ಗಟ್ಟಿಯಾದರೆ ಕರಗಿದ ಮೇಲೂ ಅದು ಔಷಧಿಯಲ್ಲ, ಎಸೆಯಬೇಕು.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೂವರೆ ಎರಡು ಗಂಟೆಯಂತೆ ಓಡಿಸಿ. ಆ ಹೊತ್ತಿನಲ್ಲೇ ಇನ್ವರ್ಟರ್ ಬ್ಯಾಟರಿ, ಫೋನು, ಟಾರ್ಚು ಎಲ್ಲ ಚಾರ್ಜಿಗೆ ಹಾಕಿಬಿಡಿ. ರಾತ್ರಿಗೆ ನಾಲ್ಕು ಎಲ್‌ಇಡಿ ಬಲ್ಬು ಇನ್ವರ್ಟರಿನಲ್ಲೇ ಉರಿಯುತ್ತವೆ. ಹಗ್ಗ ಎಳೆದು ಶುರುವಾದ ಮೇಲೆ ಎರಡು ಮೂರು ನಿಮಿಷ ಬರಿದೇ ಓಡಲಿ, ಆಮೇಲೆ ಮೊದಲು ಫ್ರಿಜ್, ಅದು ಹಿಡಿದ ಮೇಲೆ ಉಳಿದದ್ದು. ಫ್ರಿಜ್ ಶುರುವಾಗುವ ಕ್ಷಣಕ್ಕೆ ತನ್ನ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ನಿಲ್ಲಿಸುವಾಗಲೂ ಮೊದಲು ಲೋಡ್ ತೆಗೆದು, ಒಂದೆರಡು ನಿಮಿಷ ಬಿಟ್ಟು ಆರಿಸಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದದ್ದು ಗರಿಷ್ಠ ಶಕ್ತಿ. ಅದರ ಕೆಳಗೆ 'ರೇಟೆಡ್' ಎಂದು ಸಣ್ಣದಾಗಿ ಇರುವುದೇ ನಿಜವಾದ ಲೆಕ್ಕ, ಅದರಲ್ಲೂ ಮುಕ್ಕಾಲು ಮಾತ್ರ ಬಳಸಿ. ಗೀಸರ್, ಇಸ್ತ್ರಿ ಬೇಡ. ಬಾವಿಯ ಪಂಪಿಗೂ ಇದನ್ನು ಹಚ್ಚಬೇಡಿ. ಒಂದು ಎಚ್‌ಪಿ ಮೋಟರ್ ಎಳೆಯುವ ಮೊದಲ ಏಟಿಗೆ ಈ ಪುಟ್ಟ ಸೆಟ್ ತಡೆಯುವುದಿಲ್ಲ. ಗಡಗಡೆ ಹಾಗೇ ಇದೆಯಲ್ಲ, ತಮ್ಮ ಸೇದಲಿ.

ಇದೊಂದನ್ನು ಮಾತ್ರ ಎಷ್ಟು ಸಲ ಹೇಳಿದರೂ ಕಡಿಮೆ. ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಮನೆಯೆಲ್ಲ ಬೆಳಗುತ್ತದೆ ಎಂದು ಪೇಟೆಯಲ್ಲಿ ಯಾರೋ ತಮ್ಮನಿಗೆ ಹೇಳಿದ್ದಾರಂತೆ. ಹಾಗೆ ಮಾಡಿದರೆ ನಮ್ಮ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದುಮುಂದಾಗಿ 11,000 ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಆ ಹೊತ್ತಿಗೆ ನಮ್ಮ ಊರಿಗೆ ಬೆಳಕು ಕೊಡಲೆಂದೇ ಮಳೆಯಲ್ಲಿ ನೆನೆಯುತ್ತ ಲೈನ್‌ಮನ್ ಕಂಬ ಹತ್ತಿರುತ್ತಾನೆ, ಲೈನ್ ಆಫ್ ಇದೆ ಎಂದು ನಂಬಿ ತಂತಿ ಮುಟ್ಟುತ್ತಾನೆ. ಅವನ ಜೀವ ನಮ್ಮ ಪ್ಲಗ್ಗಿನಲ್ಲಿರುತ್ತದೆ, ಅಪ್ಪ. ಮನೆಗೆ ಲೈನಿನ ಕರೆಂಟ್ ಇಲ್ಲವೇ ಜನರೇಟರಿನದು, ಎರಡರಲ್ಲಿ ಒಂದೇ ಸೇರುವಂತೆ ಮಾಡುವ ಚೇಂಜ್‌ಓವರ್ ಸ್ವಿಚ್ ಹಾಕುವವರೆಗೆ ಜನರೇಟರಿನ ಸಾಕೆಟ್ಟಿನಿಂದ ದಪ್ಪ ವೈರಿನ ಎಕ್ಸ್‌ಟೆನ್ಷನ್ ಎಳೆದು ಫ್ರಿಜ್ಜಿಗೆ ನೇರವಾಗಿ ಕೊಡಿ. ಒದ್ದೆ ಕೈಯಲ್ಲಿ ಯಾವುದನ್ನೂ ಮುಟ್ಟಬೇಡಿ.

ಪೆಟ್ರೋಲನ್ನು ಅಡುಗೆಮನೆ, ಬಚ್ಚಲ ಒಲೆಯ ಹತ್ತಿರ ಸುಳಿಸಬೇಡಿ, ಗಟ್ಟಿ ಮುಚ್ಚಳದ ಕ್ಯಾನಿನಲ್ಲಿ ಹೊರಗಿಡಿ. ಎಂಜಿನ್ ನಿಲ್ಲಿಸಿ ತಣಿದ ಮೇಲೆಯೇ ತುಂಬಿಸಬೇಕು. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತದ್ದು, ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮಲ್ಲಿಯ ಮಳೆಗಾಲದ ಹವೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ನಂಬುವಂತಿಲ್ಲ. ಉಳಿದದ್ದನ್ನು ತಮ್ಮ ಬೈಕಿಗೆ ಸುರಿದು ಹೊಸತು ತರಲಿ. ಕರೆಂಟ್ ಬಂದು ಜನರೇಟರ್ ಮುಚ್ಚಿಡುವಾಗ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬ್ಯುರೇಟರಿನಲ್ಲಿ ಇದ್ದದ್ದು ಉರಿದು ತಾನೇ ನಿಲ್ಲುವವರೆಗೆ ಓಡಲು ಬಿಡಿ. ಗೋವಾದಲ್ಲಿ ಪೆಟ್ರೋಲ್ ಅಗ್ಗ, ಬರುವಾಗ ಒಂದು ಕ್ಯಾನ್ ತಾ ಎಂದು ತಮ್ಮ ಕೇಳಿದ್ದ. ಜನ ತುಂಬಿದ ಬಸ್ಸಿನಲ್ಲಿ ನಾನು ಪೆಟ್ರೋಲ್ ತರುವುದಿಲ್ಲ.

ಏರ್ ಫಿಲ್ಟರಿನ ಸ್ಪಂಜು ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕಬೇಕು. ಸ್ಪಾರ್ಕ್ ಪ್ಲಗ್ ಒಂದು ಹೆಚ್ಚಿಗೆ ತಂದಿಡಿ. ಇವೆರಡನ್ನೂ ತಮ್ಮನ ಕೈಯಲ್ಲಿ ಈಗಲೇ ಒಮ್ಮೆ ಬಿಚ್ಚಿಸಿ ಹಾಕಿಸಿ, ಕತ್ತಲೆಯಲ್ಲಿ ಕಲಿಯುವುದು ಕಷ್ಟ. ಕರೆಂಟ್ ಇದ್ದರೂ ತಿಂಗಳಿಗೊಮ್ಮೆ ಹದಿನೈದು ನಿಮಿಷ ಫ್ರಿಜ್ ಹಚ್ಚಿ ಓಡಿಸಿ. ಹಗ್ಗ ಎಳೆಯುವುದು ನಿಮ್ಮ ಭುಜಕ್ಕೆ ಬೇಡ, ತಮ್ಮ ಇಲ್ಲದ ದಿನ ಪಕ್ಕದ ಮನೆಯವರನ್ನು ಕರೆಯಿರಿ.

ಆರಿದ್ರಾ ಮಳೆ ಹಿಡಿಯುವ ಮುಂಚೆ ಒಂದು ಶನಿವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ಚೇಂಜ್‌ಓವರ್ ಸ್ವಿಚ್, ಅರ್ಥಿಂಗ್ ರಾಡ್, ದಪ್ಪ ವೈರ್ ನಾನೇ ಇಲ್ಲಿಂದ ತರುತ್ತೇನೆ, ಲೈಸೆನ್ಸ್ ಇರುವ ವೈರ್‌ಮನ್‌ಗೆ ಭಾನುವಾರ ಬರಲು ಹೇಳಿಡಿ. ಅಷ್ಟರೊಳಗೆ ಕಲ್ಲು ಚಪ್ಪಡಿ ಕೂರಿಸಿ ತಗಡು ಹೊದಿಸುವ ಕೆಲಸ ಮುಗಿದಿರಲಿ. ಜನರೇಟರ್ ಕೊಟ್ಟಿಗೆಯಿಂದ ಹೊರಗೆ ಬಂದ ಫೋಟೋ ಮಾತ್ರ ಈ ಕಾಗದ ಸಿಕ್ಕ ದಿನವೇ ಕಳಿಸಲು ಹೇಳಿ.

ಆಯಿಗೆ ನಮಸ್ಕಾರ, ತಮ್ಮ ತಂಗಿಗೆ ಆಶೀರ್ವಾದ.

ಇಂತಿ ನಿಮ್ಮ ಮಗ