ತಪ್ಪು ಹೇಳಿಬಿಟ್ಟರೆ ಎಂದ ಕೂಸಿಗೆ

ಹೊನ್ನಾವರ

ಪ್ರೀತಿಯ ಕೂಸೆ,

ನಿನ್ನ ಕಾಗದ ಸೋಮವಾರ ಬಂತು. ಮನೆ ಸುದ್ದಿಯನ್ನೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಬಿಡು. ನೀನು ಬರೆದ ಒಂದು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿದೆ. "ಮೊರಾಕೊಗೆ ನಾನು ಕಾಲಿಟ್ಟವಳೇ ಅಲ್ಲ ಅತ್ತೆ. ಮಕ್ಕಳಿಗೆ ಆ ದೇಶದ ಪುಸ್ತಕ ಬರೆಯೋಕೆ ಒಪ್ಪಿಕೊಂಡುಬಿಟ್ಟೆ. ತಪ್ಪು ಹೇಳಿಬಿಟ್ಟರೆ?"

ನಾನು ಹೇಳಿದ್ದೇನೆ, ಕೂಸೆ. ಅದೇ ದೇಶದ ಬಗ್ಗೆ, ತಪ್ಪನ್ನೇ.

ಏಳನೇ ಕ್ಲಾಸಿಗೆ ಆಫ್ರಿಕಾ ಪಾಠ ನಡೆದಿತ್ತು. ಬೋರ್ಡಿನ ಮೇಲೆ ಮರಳುದಿಬ್ಬ ಬರೆದು, ಒಂಟೆ ಬರೆದು, ಮೊರಾಕೊ ಅಂದರೆ ಇಷ್ಟೇ ಅಂದಿದ್ದೆ. ಒಬ್ಬ ಹುಡುಗ ಎದ್ದು ನಿಂತ. ಅವನಪ್ಪ ಹಡಗಿನಲ್ಲಿದ್ದವರು. ಕೈಯಲ್ಲಿ ಒಂದು ಚಿತ್ರದ ಕಾರ್ಡು. ಕೆಂಪು ಗೋಡೆಯ ಊರು, ಅದರ ಹಿಂದೆ ಹಿಮ ತುಂಬಿದ ಬೆಟ್ಟ. "ಟೀಚರ್, ಇದೂ ಮೊರಾಕೊ ಅಂತೆ." ನಾನು ಸರಿಯಾಗಿ ನೋಡಲೂ ಇಲ್ಲ. "ಬೇರೆ ದೇಶದ್ದಿರಬೇಕು, ಕೂತ್ಕೋ" ಅಂದೆ. ಅವನು ಕಾರ್ಡನ್ನು ಅಂಗಿ ಜೇಬಿಗೆ ತುರುಕಿದ. ಜೇಬು ಚಿಕ್ಕದು, ಕಾರ್ಡಿನ ಮೂಲೆ ಮಡಚಿಹೋಯಿತು. ಆ ವರ್ಷವಿಡೀ ಅವನು ಮತ್ತೆ ಕೈ ಎತ್ತಲಿಲ್ಲ.

ಅದು ಅಟ್ಲಾಸ್ ಬೆಟ್ಟಸಾಲು. ತುಬ್ಕಾಲ್ ಶಿಖರ 4,167 ಮೀಟರ್ ಎತ್ತರ. ಚಳಿಗಾಲದಲ್ಲಿ ಮರ್ರಾಕೆಶ್ ಅನ್ನುವ ಊರಿನ ತಾರಸಿಗಳಿಂದಲೇ ಹಿಮ ಕಾಣುತ್ತದೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ಆ ಹುಡುಗ ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಹಾಗಾಗಿ ತಪ್ಪು ಆಗುವುದಿಲ್ಲ ಬಿಡು ಅಂತ ಸುಮ್ನೆ ಸಮಾಧಾನ ಹೇಳಲಾರೆ. ಆದರೆ ಕಾಲಿಟ್ಟವಳಲ್ಲ ಅಂದೆಯಲ್ಲ, ಆ ಮಾತು ಓದಿದಾಗ ಇಬ್ನ್ ಬತೂತ ನೆನಪಾದ. 1304ರಲ್ಲಿ ಮೊರಾಕೊದ ತಾಂಜಿಯರ್‌ನಲ್ಲಿ ಹುಟ್ಟಿ, 1325ರಲ್ಲಿ ಒಬ್ಬನೇ ಮನೆ ಬಿಟ್ಟವನು. ತಿರುಗುತ್ತಾ ತಿರುಗುತ್ತಾ ನಮ್ಮ ಈ ಹೊನ್ನಾವರಕ್ಕೂ ಬಂದ. ನಮ್ಮ ಭಾಷೆ ಅವನದಲ್ಲ, ನಮ್ಮ ಊಟ ಅವನದಲ್ಲ. ಆದರೂ ಏನೆಲ್ಲ ಬಡಿಸಿದರು ಅಂತ ತನ್ನ ಪ್ರವಾಸದ ಪುಸ್ತಕದಲ್ಲಿ ಹೇಳಿದ್ದಾನೆ ನೋಡು: ಅನ್ನ, ತುಪ್ಪ, ಮೆಣಸಿನ ಉಪ್ಪಿನಕಾಯಿ, ಹಸಿ ಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು. ಊರಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಅಂತ ಲೆಕ್ಕವನ್ನೂ ಕೊಟ್ಟಿದ್ದಾನೆ. ಇದೇ ಊರಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ನಮ್ಮೂರಿನ ಆ ಹುಡುಗಿಯರ ಸುದ್ದಿ ನನಗೆ ತಲುಪಿದ್ದು ಪರದೇಶದವನೊಬ್ಬನಿಂದ.

ಅವನೂ ತಪ್ಪಿದ್ದಾನೆ. ನೆನಪಿನಿಂದ ಹೇಳಿ ಬರೆಸಿದ್ದಲ್ವಾ, ಕೆಲವು ಕಡೆ ಊರು, ವರ್ಷ ಹಿಂದುಮುಂದಾಗಿವೆ.

ಅವನು ವಾಪಸು ಹೊರಟಾಗ, ಊರು ಮುಟ್ಟುವ ಮೊದಲೇ ತಾಯಿ ಪ್ಲೇಗಿನಲ್ಲಿ ತೀರಿಕೊಂಡ ಸುದ್ದಿ ಸಿಕ್ಕಿತು. ಇದನ್ನು ಮಕ್ಕಳಿಗೆ ಹೇಳಬೇಕಾ ಬೇಡವಾ, ನೀನೇ ನೋಡು. ಹೇಳು ಅನ್ನುತ್ತದೆ ನನ್ನ ಮನಸ್ಸು.

ಜಾಸ್ತಿ ಬುದ್ಧಿ ಹೇಳುತ್ತಿದ್ದೇನೇನೋ. ಒಂಟೆಯಿಂದ ಶುರು ಮಾಡಬೇಡ, ಅಷ್ಟೇ. ಅಲ್ಲಿನ ಮೂಲದ ಜನ ತಮ್ಮನ್ನು ಅಮಝಿಗ್ ಅಂತ ಕರೆದುಕೊಳ್ಳುತ್ತಾರೆ. ಬರ್ಬರ್ ಅನ್ನುವುದು ಹೊರಗಿನವರು ಇಟ್ಟ ಹೆಸರು. ಅವರ ನುಡಿ 2011ರ ಸಂವಿಧಾನದಲ್ಲಿ ಅರಬ್ಬಿಯ ಜೊತೆ ಆಡಳಿತ ಭಾಷೆಯಾಯಿತು. ತಿಫಿನಾಗ್ ಅಂತ ಅವರದೇ ಲಿಪಿ ಇದೆ. ಅದರ ಒಂದು ಅಕ್ಷರ, ಯಾಝ್, ಕೈಕಾಲು ಚಾಚಿ ನಿಂತ ಮನುಷ್ಯನ ಹಾಗೆ ಕಾಣುತ್ತದೆ. ಪುಟದಲ್ಲಿ ದೊಡ್ಡದಾಗಿ ಹಾಕು, ಮಕ್ಕಳು ತಿದ್ದಲಿ. ಪುದೀನ ಹಾಕಿದ ಚಹಾವನ್ನು ಅವರು ಎತ್ತರದಿಂದ ನೊರೆ ಬರುವಂತೆ ಸುರಿಯುವುದನ್ನೂ ಬರೆ. ಫೆಸ್ ಊರಿನ ಅಲ್ ಕರವೀನ್ ವಿದ್ಯಾಕೇಂದ್ರವನ್ನು 859ರಲ್ಲಿ ಶುರು ಮಾಡಿದ್ದು ಫಾತಿಮಾ ಅಲ್ ಫಿಹ್ರಿ ಎಂಬ ಹೆಂಗಸು ಅಂತ ಅಲ್ಲಿಯವರು ಹೇಳುತ್ತಾ ಬಂದಿದ್ದಾರೆ. ಹುಡುಗಿಯರಿಗೆ ಅದು ಬೇಕು.

ತಪ್ಪು ಹೇಳಿಬಿಟ್ಟರೆ ಅಂದೆ. ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಪುಟ ಬಿಡೋಕೆ ಆಗುತ್ತಾ? ಕಾರ್ಡು ತಂದ ಮಗು ಅಂಟಿಸಿಕೊಳ್ಳಲಿ. ಅಚ್ಚು ಹಾಕುವವರು ಒಪ್ಪದಿದ್ದರೆ ಬೇಡ.

ರಜೆಗೆ ಬರುವಾಗ ಬರೆದಷ್ಟನ್ನು ತಾ. ಬೆಟ್ಟದ ಪುಟವನ್ನು ಮೊದಲು ನನಗೆ ಓದು.

ನಿನ್ನ ಅತ್ತೆ