ಬೀಡಿ ಕಟ್ಟುವ ತಾಯಂದಿರೂ ಇಲಾ ಭಟ್ಟರೂ

ಮಾನ್ಯ ಸಂಪಾದಕರೇ,

ದುಡಿಯುವ ಬಡ ಹೆಂಗಸರಿಗಾಗಿ 'ಸೇವಾ' ಸಂಘವನ್ನು ಕಟ್ಟಿದ ಅಹಮದಾಬಾದಿನ ಇಲಾ ಭಟ್ ಅವರು ತೀರಿಕೊಂಡದ್ದು 2022ರ ನವೆಂಬರ್ 2ರಂದು. ರಾಜ್ಯೋತ್ಸವದ ಮರುದಿನವೇ ಬರುವ ಆ ಪುಣ್ಯತಿಥಿ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಕೇರಿಕೇರಿಯಲ್ಲೂ ಇರುವ ಮಂಜೇಶ್ವರ, ಕುಂಬಳೆಯ ಕಡೆ ಹಾಗಾಗಬಾರದಿತ್ತು. ಅಂಥ ತಾಯಿಯೊಬ್ಬರ ಮಗಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಾನೂನು ಓದಿ 1955ರಲ್ಲಿ ಗಿರಣಿ ಕಾರ್ಮಿಕರ ಸಂಘವಾದ ಮಜೂರ್ ಮಹಾಜನವನ್ನು ಸೇರಿದ ಇಲಾ ಭಟ್, ಬಟ್ಟೆಯ ಹೊರೆ ಹೊತ್ತು ಬದುಕುತ್ತಿದ್ದ ಹೆಂಗಸರು ಕೂಲಿಯಲ್ಲಾಗುವ ಮೋಸವನ್ನು ಹೇಳಿಕೊಂಡು ಬಂದಾಗ, ಗಿರಣಿಯ ಹೊರಗೆ ದುಡಿಯುವವರಿಗೆ ಸಂಘವೇ ಇಲ್ಲವೆಂಬುದನ್ನು ಕಂಡುಕೊಂಡರು. ಅವರಿಗಾಗಿ 'ಸೇವಾ' ಸಂಘವನ್ನು ನೋಂದಾಯಿಸಲು ಹೊರಟರೆ, ಮಾಲೀಕನೇ ಇಲ್ಲದವರು ಯಾರ ವಿರುದ್ಧ ಹೋರಾಡುತ್ತಾರೆ ಎಂಬ ಆಕ್ಷೇಪ ಎದುರಾಯಿತು. ಸಂಘವಿರುವುದು ಒಬ್ಬರ ವಿರುದ್ಧ ನಿಲ್ಲುವುದಕ್ಕಷ್ಟೇ ಅಲ್ಲ, ದುಡಿಯುವವರು ಒಂದಾಗುವುದಕ್ಕೂ ಎಂದು ವಾದಿಸಿ, 1972ರಲ್ಲಿ ಅವರು ನೋಂದಣಿ ಪಡೆದರು.

ಈ ವಾದದ ಬೆಲೆ ಏನೆಂಬುದು ನನಗೆ ನಮ್ಮ ಮನೆಯ ಚಾವಡಿಯಿಂದಲೇ ಗೊತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಕರೆದಿತ್ತು. 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೂ ನನ್ನ ಅಮ್ಮ ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಕಟ್ಟಿದ ಬೀಡಿ ಹಲವು ವರ್ಷ ಬೇರೊಬ್ಬರ ಹೆಸರಿನ ಪುಸ್ತಕದಲ್ಲಿ ದಾಖಲಾಗುತ್ತಿತ್ತು, ಆ ವರ್ಷಗಳ ಪಿ.ಎಫ್. ಅವರಿಗೆ ದಕ್ಕಲೇ ಇಲ್ಲ. ಅಮ್ಮನಿಗೆ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾವು ಮಕ್ಕಳೂ 'ಮನೆಯಲ್ಲೇ ಇದ್ದಾರೆ' ಎನ್ನುತ್ತಿದ್ದೆವು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕೊನೆಗೆ ಅವರ ಹೆಸರಿನಲ್ಲೇ ಗುರುತುಚೀಟಿ ಬಂದ ಮೇಲೆ ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನ ನನಗೂ ಸಿಕ್ಕಿತು.

ಮನೆಯೊಳಗಿನ ಇಂಥ ದುಡಿಮೆಯನ್ನು ಲೋಕ ಒಪ್ಪುವಂತೆ ಮಾಡಲು ಇಲಾ ಭಟ್ ಮತ್ತು ಅವರ ಸಂಗಡಿಗರು ಜಿನೀವಾದವರೆಗೂ ಹೋದರು. ಗೃಹಾಧಾರಿತ ಕೆಲಸದ ಕುರಿತ 177ನೇ ಒಡಂಬಡಿಕೆಯನ್ನು ಅಲ್ಲಿನ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಇತ್ತ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಆಧಾರವಾಗಿದ್ದ, ಬೀಡಿಯ ಮೇಲೆ ವಿಧಿಸುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿಯೊಂದಿಗೆ ರದ್ದಾಯಿತು. ಬೀಡಿ ಆರೋಗ್ಯಕ್ಕೆ ಕೆಟ್ಟದ್ದು, ಆ ಕಸುಬು ಕುಗ್ಗಲಿ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಹೊಗೆಸೊಪ್ಪಿನ ಧೂಳು ಕುಡಿದ ಅಮ್ಮನ ಕೆಮ್ಮನ್ನು ಕೇಳಿಯೇ ಬೆಳೆದವಳು ನಾನು. ಆದರೆ ಕಸುಬು ಕುಗ್ಗಿದಾಗ, ಅದರಲ್ಲೇ ಬೆನ್ನು ಬಾಗಿಸಿದವರಿಗೆ ಸಲ್ಲಬೇಕಾದದ್ದೂ ಕುಗ್ಗಬೇಕೆಂಬ ನ್ಯಾಯ ಎಲ್ಲಿಯದು?

ಇನ್ನೊಂದು ವಿಷಯ. 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ಸೇವಾ ಬ್ಯಾಂಕನ್ನು ಕಟ್ಟುವಾಗ, ಸಹಿ ಮಾಡಲು ಬಾರದವರು ಬ್ಯಾಂಕು ನಡೆಸುವುದುಂಟೇ ಎಂಬ ಪ್ರಶ್ನೆ ಎದ್ದಿತ್ತು. ಇಲಾ ಭಟ್ ಅವರಲ್ಲಿ ಮುಂದಾಳುಗಳಾಗಿದ್ದ ಹೆಂಗಸರೊಂದಿಗೆ ರಾತ್ರಿಯಿಡೀ ಕುಳಿತು ಅವರವರ ಹೆಸರು ಬರೆಯಲು ಕಲಿಸಿದರು. ನನ್ನ ಅಮ್ಮನಿಗೆ ಕನ್ನಡದಲ್ಲಿ ದುಂಡಗೆ ಸಹಿ ಮಾಡಲು ಬರುತ್ತದೆ, ಆದರೆ ಸಹಿ ಹಾಕಬೇಕಾದ ಅರ್ಜಿ ಮಲಯಾಳದಲ್ಲಿರುತ್ತದೆ. ಈ ಪ್ರದೇಶದ ಕನ್ನಡಿಗರು ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳಿರುವಾಗ, ಬೀಡಿ ಕಾರ್ಮಿಕರ ಪಿಂಚಣಿ ಮತ್ತು ಕಲ್ಯಾಣ ಯೋಜನೆಗಳ ಅರ್ಜಿಗಳನ್ನು ಕನ್ನಡದಲ್ಲಿಯೂ ಒದಗಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ.

— ಬೀಡಿ ಕಾರ್ಮಿಕರೊಬ್ಬರ ಮಗಳು, ಮಂಜೇಶ್ವರ